ಬಿಲ್ಲಿನ ಬೆನ್ನು

ಮಾಪ್ಸಾ ಪ್ಯಾಟ್ಯಾಗ ಉಸಗಾಂವಕರನ ಗೋಡಂಬಿ ಅಂಗಡಿ.
ಗಿರಾಕಿನ ಇಳಿಸಿ ಹೊರಗ ನಾ ಬೀಡಿ ಹಚ್ಚೋದ್ರಾಗ
ಒಳಗ ಬಿಲ್ಲಿನ ಬೆನ್ನಿಗೆ ಪೆನ್ಸಿಲ್‌ಲೆ ಬೀಳತಿತ್ತು
ನಾಕು, ಸೊನ್ನಿ, ಏಳು, ಒಂಬತ್ತು.
ನನ್ನ ಗಾಡಿ ನಂಬರ.

ಶನಿವಾರ ಸಂಜಿಕ ಬಿಲ್ಲೆಲ್ಲ ಬೋರಲ ಹಾಕಿ ಲೆಕ್ಕ,
ನೂರಕ್ಕ ಹತ್ತು, ಮಸಾಲಿ ಗೋಡಂಬಿಗೆ ಹನ್ನೆರಡು.
"ಛಲೋ ಅಂಗಡಿ ಯಾವದಪಾ?" ಅಂತ ಮಂದಿ ಕೇಳಿದ್ರ
ನಾಲಿಗಿ ತಾನಾ ಎಡಕ್ಕ ಹೊರಳತಿತ್ತು,
ಸ್ಟೇರಿಂಗಿನಂಗ.

ಸುಳ್ಳು ಹೇಳಿಲ್ರಿ. ಅಂಗಡಿ ಛಲೋನ ಐತಿ.
ಖರೇ ಮಾತಿನ ಬೆನ್ನಿಗೆ ಪೆನ್ಸಿಲ್‌ಲೆ ಬರದಿತ್ತು, ಅಷ್ಟ.

ಹೋದ ಡಿಸೆಂಬರದಾಗ ಬಂದ್ರು
ಚಿತ್ರದುರ್ಗದ ಗಂಗಾಂಬಿಕೆ ಟೀಚರು.
ಗಣಿತದವರು, ರಿಟೈರು, ಮೊಣಕಾಲಿಗೆ ಪಟ್ಟಿ.
ಎರಡು ಕಿಲೋ ಸಾದಾ ತಗೊಂಡು ಹಿಂದ ಕುಂತ್ರು.
ಅಂಗಡಿ ಹುಡುಗ ಹೊಸಬ; ಇಟಗೊಳ್ಳೋ ಪ್ರತಿ ಅವರಿಗೆ ಕೊಟ್ಟು
ಕೊಡೋ ಪ್ರತಿ ಇಟಗೊಂಡಾನ.

ಪರ್ವರಿ ದಾಟೂತನಕ ಮಾತಿಲ್ಲ.
ಕನ್ನಡ್ಯಾಗ ನೋಡಿದ್ರ
ಬಿಲ್ಲು ತಿರುವಿ ಹಿಡದಾರ, ಚಾಳೀಸು ಏರಿಸ್ಯಾರ.
ನಮ್ಮ ಕಡೆ ಮಹದಾಯಿ ಅನ್ನೋ ನೀರು ಇಲ್ಲಿ ಮಾಂಡವಿ;
ಅದರ ಸೇತುವಿ ಮ್ಯಾಲ ಕೇಳಿದ್ರು,
"ದ್ಯಾಮಣ್ಣ, ಇದು ನಿನ್ ಗಾಡಿ ನಂಬ್ರಲ್ವಾ?"

ಕೆಳಗ ಕ್ಯಾಸಿನೋ ಹಡಗು, ಹಗಲಾಗೂ ದೀಪ ಹಚಗೊಂಡು ನಿಂತಿತ್ತು.
ಅದನ್ನ ಹತ್ತೋರಿಗೆ ಜೂಜು ಅಂತ ಗೊತ್ತಿರತೈತಿ.

ಹೇಳಿದೆ. ಹತ್ತು ಪರ್ಸೆಂಟ್ ಅಂದೆ.
ಕೇಳದಿದ್ರೂ ಮಸಾಲಿದು ಹನ್ನೆರಡು ಅಂದೆ.
ಟೀಚರು ಬಾಯಾಗನ ಲೆಕ್ಕ ಮಾಡಿ, "ಇನ್ನೂರ ನಲವತ್ತು."
ಬೈತಾರೇನೋ ಅಂತ ಬೆನ್ನು ಬಿಗಿ ಹಿಡದೆ.

"ನಿನ್ ದುಡಿಮೆ, ತಗೋ. ಆದ್ರೆ ನೋಡು,
ನಮ್ಮೋನು ಅಂದ್ಕೊಂಡು ನಿನ್ನ ಕೇಳಿದ್ದೆ.
ಅಂಗಡಿಯೋನ ಕಡೆಯೋನು ಅಂತ ಗೊತ್ತಿದ್ದಿದ್ರೆ
ಅದೇ ಪ್ರಶ್ನೆ ಬೇರೆ ಥರ ಕೇಳ್ತಿದ್ದೆ."

ಅದ ಪ್ರಶ್ನೆ, ಬ್ಯಾರೆ ಥರ.
ವಾಸ್ಕೋ ಮುಟ್ಟಿ, ಮೀನ ಸಾರು ಉಂಡು,
ಮಕ್ಕೊಂಡ ಮ್ಯಾಲೂ ಅದು ಗಾಡ್ಯಾಗ ಕುಂತಂಗ ಇತ್ತು.

ಮರುವಾರ ಪೇಂಟರ್ ಹುಸೇನಸಾಬನ ಕಡೆ ಬೋರ್ಡ್ ಬರಸಿದೆ,
ಹಿಂದ ಕುಂತವರ ಕಣ್ಣಿಗೆ ಬಡಿಯೂಹಂಗ,
ಕನ್ನಡ, ಹಿಂದಿ, ಮರಾಠಿ:
ನಾ ತೋರಿಸೋ ಅಂಗಡ್ಯಾಗ ನನಗ ನೂರಕ್ಕ ಹತ್ತು ಐತಿ.
"ಸಣ್ಣ ಅಕ್ಷರದಾಗ ಬರೀಲೇನು?" ಅಂದ.
ಸಣ್ಣ ಬರದ್ರ ಪೆನ್ಸಿಲ್ಲಿಗೂ ಇದಕೂ
ಫರಕ ಏನೋ ಮಾರಾಯ?

ಸ್ಟ್ಯಾಂಡಿನ್ಯಾಗ ಒದರಾಡಿದ್ರು,
ನಮ್ಮ ಹೊಟ್ಟಿ ಮ್ಯಾಲ ಬಣ್ಣ ಬಳದಿ ಅಂತ.
ಉಸಗಾಂವಕರ ಎರಡು ಶನಿವಾರ ಮಾರಿ ತಿರುವಿದ.
ಮೂರನೇದಕ್ಕ ಚಾ ತರಸಿದ. ಯಾಕಂದ್ರ
ಬೋರ್ಡ್ ಓದಿದ ಮಂದಿ "ಎಂಥಾ ಪ್ರಾಮಾಣಿಕ!" ಅಂತ
ಅರ್ಧ ಕಿಲೋ ಹೆಚ್ಚಿಗಿ ಕಟ್ಟಿಸಾಕ ಹತ್ತಿದ್ರು.

ಖರೇ ಮಾತಿಗೂ ಕಮಿಷನ್ ಬಿತ್ತಲ್ಲೋ ದ್ಯಾಮಾ.
ಆ ಚಾ ಗಂಟಲಾಗ ಇಳೀಲಿಲ್ಲ.
ಬಿಟ್ಟೂ ಬರಲಿಲ್ಲ.

ಇನ್ನ ಒಂದು ಐತಿ. ಬೋರ್ಡಿನ್ಯಾಗಿಲ್ಲ.
ಶುಕ್ರವಾರದ ಸಂತ್ಯಾಗ ಬಾಳಿಹಣ್ಣಿನ ಸಾಲು ಮುಗಿಯೋ ಕಡೆ
ಕಾರ್ಮೆಲಿನಾ ಬಾಯಿ ಕುಂತಿರತಾಳ.
ಬೆಂಕ್ಯಾಗ ಸುಟ್ಟ ಗೋಡಂಬಿ, ಮ್ಯಾಲ ಕೆಂಪ ಸಿಪ್ಪಿ,
ಹಲ್ಲಿಗೆ ಹತ್ತಿದ್ರ ಹೊಗಿ ರುಚಿ.
ಕಿಲೋಕ್ಕ ಇನ್ನೂರು ಕಡಿಮಿ.
ನಮ್ಮ ಮನಿಗೆ ನಾ ಒಯ್ಯೋದು ಅದನ್ನ.
ಆಕಿ ಕಮಿಷನ್ ಕೊಡೋದಿಲ್ಲ, ಮುಷ್ಟಿ ತುಂಬ ಗೋಡಂಬಿ ಕೊಟ್ಟು
"ಭುರ್ಗ್ಯಾಂಕ ದೀ" ಅಂತಾಳ. ಮಕ್ಕಳಿಗಂತ.

ಅಲ್ಲಿಗೆ ಒಬ್ಬರನ್ನೂ ನಾ ಕರಕೊಂಡು ಹೋಗಿಲ್ಲ.
ತೋರಿಸೋ ಅಂಗಡಿ ಬಗ್ಗೆ ಮೂರು ಭಾಷ್ಯಾಗ ಬರಸೇನಿ,
ತೋರಿಸದ್ದಕ್ಕ ಯಾವ ಭಾಷಿ?

ನಿನ್ನೆ ಇನ್ನೊಂದು ಸಾಲು ಬರಸೋಣಂತ
ಹುಸೇನಸಾಬನ ಅಂಗಡಿಗೆ ಹೋದೆ.
ಬಾಗಲಾ ಹಾಕಿತ್ತು.
ಖರೇ ಹೇಳಲೇನ್ರಿ,
ಹಾಕಿದ್ದು ನೋಡಿ ಹಗುರಾತು.