ಅರ್ಧ ಸುತ್ತು

ನಸುಕಿನ ನಾಕೂವರಿಗೆ ಏಳ್ತೀನಿ.
ಕರೇದಿನ್ನಿ ಪಂಚಾಯ್ತಿ ನನಗ ಕೊಟ್ಟದ್ದು ಎರಡು:
ಮೂರು ತಿಂಗಳಿಗೊಮ್ಮೆ ನೆನಪಾಗೋ ಪಗಾರ,
ಮತ್ತ ಈ ಕೀಲಿ.
ಎದಿಮಟ ಉದ್ದ, ತಲಿಗೆ ಅಡ್ಡ ಕಬ್ಬಿಣ,
ಹಿಡಿದಲ್ಲಿ ನನ್ನ ಬೆವರಿಗೆ ಕರ್ರಗಾಗೇತಿ.

ಒಳಗ ಬಲ್ಬಿನ ಕೆಳಗ
ಮಗಳು ಮಾನಮ್ಮ ಒಂಬತ್ತನೇತ್ತ ಪರೀಕ್ಷಾಕ್ಕ ಓದ್ತಾಳ:
"ಸರಕಾರಕ್ಕ ಮೂರು ಅಂಗ.
ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ."
ಮತ್ತ ಮೊದಲಿಂದ, ಮಗ್ಗಿ ಹಂಗ.
"ಅಪ್ಪಾ, ನೀ ಯಾವ ಅಂಗ?"
ಚಪ್ಪಲಿ ಹುಡುಕ್ತಾ ಅಂದೆ: "ರಟ್ಟಿ."
ನಕ್ಕಳು. ಪುಸ್ತಕದಾಗ ರಟ್ಟಿ ಇಲ್ಲಂತ.

ಟಾಕಿ ಬುಡಕ ನಾಕು ವಾಲ್ವು.
ಒಂದು ಅಗಸಿ ಓಣಿಗೆ, ಒಂದು ಗೌಡರ ಓಣಿಗೆ,
ಒಂದು ಮಸೂತಿ ಹಿಂದಕ್ಕ,
ಕಡೀದು ನಮ್ಮ ಕೇರಿಗೆ.
ದಿನ್ನಿ ಏರಿನ ಮ್ಯಾಲ ನಮ್ಮ ಕೇರಿ,
ನೀರಿಗೂ ಏರು ಹತ್ತಾಕ ಬ್ಯಾಸರ.

ಆ ಹೊತ್ತಿನಾಗ ಯಾರೂ ಇರಲ್ಲ.
ನಾಯಿ ಸುದ್ದಾ ಮುದುಡಿ ಮಲಗಿರತೈತಿ.
ದೂರ, ಶಕ್ತಿನಗರದ ಕಡಿ,
ಆಕಾಶದ ಅಂಚಿಗೆ ಒಂದೀಟು ಕೆಂಪು.
ಅಂಥಾ ಹೊತ್ತಿನಾಗ ಕೀಲಿ ಹಿಡಿದವ ರಾಜ.
ಅರ್ಧ ಸುತ್ತು ಹೆಚ್ಚಿಗಿ ತಿರುವಿದ್ರ
ಒಂದು ಓಣಿಗೆ ಹತ್ತು ಕೊಡ ಹೆಚ್ಚು,
ಇನ್ನೊಂದು ಓಣಿ ನಳದಾಗ ಬರೇ ಉಸಿರು.

ತಿರುವೀನಿ. ಸುಳ್ಳು ಯಾಕ ಹೇಳ್ಲಿ.
ಮೊದಲ ಅಮರೇಗೌಡ್ರ ಮಾತಿಗೆ:
ಒಂದು ಕಪ್ಪು ಚಾ,
"ಹುಸೇನಪ್ಪ, ನಮ್ಮ ಕಡಿ ಜರಾ ನೋಡು."
ಆಮ್ಯಾಲ, ಯಾರೂ ಹೇಳದೇನ, ನಮ್ಮ ಕೇರಿಗೆ.
ಇದು ನ್ಯಾಯ ಅಂದ್ಕೊಂಡೆ.
ಎರಡೂ ಸಲ ಕೀಲಿ ಒಂದ ಸಪ್ಪಳ ಮಾಡಿತ್ತು.

ಗೊತ್ತಾದದ್ದು ಮಸೂತಿ ಹಿಂದಿನ ಖಾಸಿಂಬಿಗೆ.
ಬಚ್ಚಲ ಗೋಡಿಗೆ ಇದ್ದಿಲಿನಾಗ ಗೆರಿ ಹಾಕಿಟ್ಟಿದ್ಲು.
ಮಂಗಳವಾರ ಆರು ಕೊಡ. ಬುಧವಾರ ನಾಕು.
ಬೇಸ್ತವಾರ ಮೂರು, ಮತ್ತೊಂದು ತಂಬಗಿ.

ಗ್ರಾಮಸಭಾ. ಸಾಲಿ ವರಾಂಡದಾಗ ನಲವತ್ತು ಮಂದಿ,
ರಿಜಿಸ್ಟರಿನಾಗ ನೂರಾ ಹನ್ನೆರಡು ಸಹಿ.
ಕಾರ್ಯದರ್ಶಿ ಓದಿ ಮುಗಿಸಿ ಬಾಟ್ಲಿ ನೀರು ಕುಡಿಯುವಾಗ
ಆಕಿ ಎದ್ದಳು, ಸೆರಗು ಸರಿ ಮಾಡ್ಕೊಂಡ್ಲು.
"ಯಾವ ಓಣಿಗೆ ಎಷ್ಟು ಹೊತ್ತು?
ಎಲ್ಲಿ ಬರದೀರಿ ಇದನ್ನ?"

ಅಧ್ಯಕ್ಷಿ ಗಂಡನ ಮಾರಿ ನೋಡಿದ್ಲು.
ಗಂಡ ಗೌಡರ ಮಾರಿ, ಗೌಡ್ರು ನನ್ನ ಮಾರಿ.
ನಾನು ಕೀಲಿ ನೋಡಿದೆ.
"ಹುಸೇನಪ್ಪಗ ಗೊತ್ತೈತಿ ಬಿಡವಾ" ಅಂದ್ರು ಯಾರೋ.
"ಹುಸೇನಪ್ಪ ಸತ್ರ?" ಅಂದ್ಲು ಖಾಸಿಂಬಿ.

ಎಲ್ಲಾರೂ ನಕ್ಕರು, ನಾನೂ ನಕ್ಕೆ.
ನಗಿ ಮುಗಿದ ಮ್ಯಾಲ ಎರಡು ತಾಸು ಜಗಳ.
ದನಕ್ಕೂ ಲೆಕ್ಕ ಹಿಡೀರಿ ಅಂತ ಗೌಡ್ರು,
ಏರಿಗೆ ಹತ್ತು ನಿಮಿಷ ಹೆಚ್ಚು ಬೇಕಂತ ನಮ್ಮ ಕೇರಿ ದೇವಮ್ಮ.
ಮನಿ ಎಣಸೋದಾ? ತಲಿ ಎಣಸೋದಾ?
ಕೈ ಎತ್ರಿ. ಇಳಸ್ರಿ. ಏ, ನೀ ಎರಡು ಎತ್ತೀದಿ.
ಕಡೀಕ ಹುಟ್ಟಿದ್ದು
ಯಾರಿಗೂ ಪೂರಾ ಖುಷಿ ಇಲ್ಲದ್ದೊಂದು ಲೆಕ್ಕ.

ಟಾಕಿ ಗೋಡಿಗೆ ಮಾನಮ್ಮನ ನೀಲಿ ಅಕ್ಷರ.
ಅವಸರಕ್ಕ ನಿಮಿಷ 'ನಿಮಿಶ' ಆತು, ಹಂಗ ಉಳೀತು.
ಏಣಿ ಹಿಡಕೊಂಡು ನಿಂತ ಖಾಸಿಂಬಿ ಅಂದ್ಲು:
"ಕೆಳಗ ಜಾಗಾ ಬಿಡವಾ,
ಬ್ಯಾಸಿಗ್ಯಾಗ ಮತ್ತ ಜಗಳಾಡೂದೈತಿ."

ಇವತ್ತೂ ನಾಕೂವರಿ. ಇವತ್ತೂ ಯಾರೂ ಇಲ್ಲ.
ಅರ್ಧ ಸುತ್ತು ಇವತ್ತೂ ನನ್ನ ರಟ್ಟಿಯಾಗ ಐತಿ,
ಗೋಡಿ ಬಂದು ಕೈ ಹಿಡಿಯಂಗಿಲ್ಲ.
ಬ್ಯಾಟರಿ ಹಚ್ಚಿ ನೀಲಿ ಅಕ್ಷರ ಓದ್ತೀನಿ,
ಗಡಿಯಾರ ನೋಡ್ತೀನಿ, ತಿರುವ್ತೀನಿ, ನಿಲ್ಲಸ್ತೀನಿ.
ಹಗುರ ಆದೆನೋ ಸಣ್ಣವ ಆದೆನೋ
ಇನ್ನೂ ತಿಳಿವಲ್ದು.

ಮಸೂತಿ ಹಿಂದ, ಕತ್ತಲಾಗ,
ಕಲ್ಲಿನ ಮ್ಯಾಲ ಕೊಡ ಇಟ್ಟ ಸಪ್ಪಳ.
ಎದ್ದಾಳ ಆಕಿ.
ಎಣಸ್ತಾಳ.