ಬಲೆಗೊಂದು ಪಾಲು

ಇಪ್ಪತ್ತನಾಲ್ಕು ಬಂಗುಡೆ, ನಾಲ್ಕು ಜನ.
ತಲೆಗೆಷ್ಟು?
ಪುಸ್ತಕದಲ್ಲಿ ಮಾವಿನಹಣ್ಣು ಇತ್ತು; ಮೀನು ಮಾಡಿದ್ದು ನಾನೇ.
ಮಾಜಾಳಿಗೆ ಬಂದು ಎರಡು ವರ್ಷ,
ಇಷ್ಟಾದರೂ ಕಲಿತೆನಲ್ಲ ಎಂದು
ಒಳಗೊಳಗೆ ಹೆಮ್ಮೆಯೂ ಇತ್ತು.

ಸುಚಿತಾ ತಾಂಡೇಲ ಬರೆದಳು: ನಾಲ್ಕು.
ನನ್ನ ಕೆಂಪು ಪೆನ್ನು ಆಗಲೇ ಅಡ್ಡಗೀಟು ಎಳೆದಾಗಿತ್ತು.
ಮಗ್ಗಿ ತಪ್ಪದ ಹುಡುಗಿ. ಕರೆದು ಕೇಳಿದೆ.
ಉಗುರು ಕಚ್ಚಿದಳು, ಕಿಟಕಿಯಾಚೆ ನೋಡಿದಳು,
ಕನ್ನಡ ಸಿಗದೆ ಕೊನೆಗೆ ಮನೆಮಾತಲ್ಲೇ ಅಂದಳು:
‘ಜಾಳಾಕ್ ಏಕ್ ವಾಂಟೊ, ಹೊಡ್ಯಾಕ್ ಏಕ್ ವಾಂಟೊ.’
ಬಲೆಗೊಂದು ಪಾಲು, ದೋಣಿಗೊಂದು.
ಒಟ್ಟು ಆರು ಪಾಲು. ತಲೆಗೆ ನಾಲ್ಕೇ.

ಹಿಂದಿನ ಬೆಂಚಿನ ಆಗ್ನೆಲ್ ಎದ್ದ:
ಜ್ವರ ಬಂದು ಮಲಗಿದವನ ಪಾಲು ಬಿಟ್ರಲ್ಲ ಟೀಚರ್?
ಏಳಾಯಿತು. ತಲೆಗೆ ಮೂರು, ಶೇಷ ಮೂರು.
ಶೇಷ ಯಾರಿಗೆ?
ಹಗ್ಗಕ್ಕೆ ಕೈ ಹಾಕಿದ ದಾರಿಹೋಕರಿಗೆ ಎಂದು ಒಬ್ಬ,
ಬೆಕ್ಕಿಗೆ ಎಂದು ಇನ್ನೊಬ್ಬಳು.
ಹಾಲಕ್ಕಿ ಕೊಪ್ಪದಿಂದ ಬರುವ, ಅಜ್ಜಿಯ ಹೆಸರಿನ ಬೊಮ್ಮಿ,
ಮೂರು ತಿಂಗಳಿಂದ ಹಾಜರಿ ಕೂಗಿದಾಗ ಬಿಟ್ಟರೆ
ಬಾಯಿ ತೆರೆಯದವಳು, ಕೇಳಿದಳು:
ಗದ್ದೆಯಲ್ಲಾದ್ರೆ ಎತ್ತಿಗೆ?

ಹಲಗೆ ತುಂಬಿತು.
ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ನನಗೆ ಇಂಡಿ ಕಡೆಯ ನಮ್ಮ ಕಣ ನೆನಪಾಯಿತು.
ರಾಶಿ ಮನೆಗೆ ಬರುವ ಮೊದಲು
ಕೂರಿಗೆ ಕೆತ್ತಿದ ಬಡಿಗೇರ ಮಾನಪ್ಪನಿಗೆ
ಮರ ತುಂಬ ಜೋಳ ಅಳೆಯುತ್ತಿದ್ದ ಅಜ್ಜ.
‘ಕೂರಿಗಿ ಉಣ್ಣತೈತೇನು?’ ಎಂದು ನಕ್ಕಿದ್ದೆ.
‘ಅದು ಉಂಡರ ನಾವು ಉಣ್ಣೂದು’ ಅಂದಿದ್ದ.
ಆ ಲೆಕ್ಕವನ್ನು ನಾನೂ ಶಾಲೆಯ ಬಾಗಿಲಲ್ಲಿ
ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋದವಳು;
ಹೊರಗೆ ಬರುವಾಗ
ಚಪ್ಪಲಿ ಮಾತ್ರ ಮೆಟ್ಟಿಕೊಂಡು ಬಂದೆ.

ಕೆಂಪು ಗೀಟು ಅಳಿಸಲು ಬರುವುದಿಲ್ಲ.
ಪಕ್ಕದಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿದೆ;
ಈಗ ಆ ಪುಟದಲ್ಲಿ ಎರಡೂ ಇವೆ.

ಮಾರ್ಚಿನಲ್ಲಿ ಪ್ರಶ್ನೆಪತ್ರಿಕೆ ಲಕೋಟೆಯಲ್ಲಿ ಬರುತ್ತದೆ,
ಉತ್ತರಸೂಚಿ ಸಮೇತ. ಅದರಲ್ಲಿ ಆರು.
ಹೇಳಲೇಬೇಕಿತ್ತು.
ಹೇಳಿದೆ, ಡಸ್ಟರ್ ಕೊಡವುತ್ತ, ಅವಳ ಮುಖ ನೋಡದೆ.

ಸುಚಿತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಪರೀಕ್ಷೆಯಲ್ಲಿ ಬಲೆ ಯಾರದು ಟೀಚರ್?
ಯಾರದೂ ಅಲ್ಲ, ಅಂದೆ.
ದೋಣಿ?
ದೋಣಿಯೇ ಇಲ್ಲ.
ಹಾಗಾದ್ರೆ ಆರು, ಎಂದಳು,
ಬರೆದುಕೊಂಡಳು.