ಚೆಂಡಿಲ್ಲದ ಕಡೆ

ಚೆಂಡು ನೋಡಬೇಡ ಎಂದವನು
ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್, ನನ್ನ ಚಿಕ್ಕಪ್ಪ.
ಬೀಡಿ ಹಿಡಿದ ಕೈಯಲ್ಲೇ ಮೈದಾನದ ಆಚೆ ತುದಿ ತೋರಿಸಿ
'ಅಲ್ಲೊಬ್ಬ ಸುಮ್ನೆ ನಿಂತವ್ನೆ ನೋಡು,
ಆಟ ಆಡ್ತಾ ಇರೋನು ಅವ್ನು' ಅಂದಿದ್ದ.
ನನಗಾಗ ಒಂಬತ್ತು.
ಮಿಕ್ಕವರು ಗೋಲಿಗೆ ಕೂಗುವಾಗ
ಏನೂ ಆಗದ ಮೂಲೆಯನ್ನು ನೋಡುತ್ತ ಕೂತೆ.
ಅದೇ ಕಸುಬಾಯಿತು.

ಸಂಜೆ ಪತ್ರಿಕೆಯ ಏಳನೇ ಪುಟ,
ಕೆಳಗೆ ಬಲಕ್ಕೆ, ಚಿನ್ನ ಬೆಳ್ಳಿ ಧಾರಣೆಯ ಪಕ್ಕ
ಅಂಗೈಯಷ್ಟು ಜಾಗ.
ಸಂಪಾದಕ ದೇವೀರಪ್ಪನವರು ಕನ್ನಡಕ ಹಣೆಗೇರಿಸಿ
'ಗೋಲು ಹೊಡೆದದ್ದು ಯಾರಪ್ಪ? ಅದು ಹಾಕು.
ಹೊಡೆಯದವರ ಸುದ್ದಿ ಹಿಡಿದರೆ
ಊರಿನವರೆಲ್ಲರದೂ ಬರೀಬೇಕಾಗುತ್ತೆ.'
ದಸರೆ ಬಂದರೆ ಕುಸ್ತಿಗೆ ಅಟ್ಟುತ್ತಿದ್ದರು;
ಅಲ್ಲೂ ನಾನು
ಗೆದ್ದವನ ಕೈಯನ್ನಲ್ಲ, ಸೋಲುವ ಮುಂಚೆ
ಮಣ್ಣಿನಲ್ಲಿ ಒಂದು ಗೇಣು ಜಾರಿದ ಎಡಪಾದವನ್ನು ಬರೆದೆ.
ಅದು ಅಚ್ಚಾಗಲಿಲ್ಲ.

ರಾತ್ರಿ ಅಡುಗೆಮನೆಯ ನೆಲದಲ್ಲಿ ಸೀಮೆಸುಣ್ಣದ ಮೈದಾನ.
ಹನ್ನೊಂದು ಹುಣಸೆಬೀಜ, ಹನ್ನೊಂದು ಅವರೆಕಾಳು,
ಚೆಂಡಿಗೆ ಒಂದು ಮೆಣಸು.
ಕವಡೆ ಹಾಕದೆ ಆಡುವ ಚೌಕಾಬಾರ ನೋಡಿ
ಎಂದು ನೀಲಾಂಬಿಕೆ ಬಂದವರಿಗೆಲ್ಲ ತೋರಿಸುವಳು.
ಒಂದು ಬೆಳಗ್ಗೆ ಎದುರಾಳಿಯ ಸೆಂಟರ್ ಹಾಫ್
ಉಪ್ಪಿಟ್ಟಿನಲ್ಲಿ ಸಿಕ್ಕ.
ಚೆನ್ನಾಗಿ ಬೆಂದಿದ್ದ.

ಬೀಜ ಸರಿಸಿ ಸರಿಸಿ ತಿಳಿದದ್ದಿಷ್ಟು:
ಒಬ್ಬ ಹೆಜ್ಜೆ ಮುಂದಿಟ್ಟರೆ ಅವನ ಬೆನ್ನ ಹಿಂದೆ
ಒಂದು ಕೋಣೆ ತೆರೆದುಕೊಳ್ಳುತ್ತದೆ.
ಬಾಗಿಲಿಲ್ಲ, ಬೀಗವಿಲ್ಲ,
ಮೂರು ಸೆಕೆಂಡಿನ ಬಾಡಿಗೆ.
ಅಷ್ಟರೊಳಗೆ ಯಾರಾದರೂ ಹೊಕ್ಕರೆ ಆಟ,
ಹೊಗದಿದ್ದರೆ ಬರೀ ಹುಲ್ಲು.

ಹದಿನೇಳು ವರ್ಷ ಆ ಕೋಣೆಗಳ ಲೆಕ್ಕ ಬರೆದೆ.
ಓದಿದವರ ಲೆಕ್ಕ ಸುಲಭ:
ಬನ್ನಿಮಂಟಪದ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟರು
ತಿಂಗಳಿಗೊಂದು ಕಾರ್ಡು ಹಾಕುತ್ತಿದ್ದರು,
'ನಿಮ್ಮ ಬಾಣಗಳು ಸೊಟ್ಟಗಿವೆ.'

ಆ ಫೈನಲ್ಲಿನ ಮಾರನೆಯ ದಿನ
ಎಡ ಬ್ಯಾಕ್ ಪುಟ್ಟಮಾದು ಬಿಟ್ಟ ಜಾಗಕ್ಕೆ
ಅಡ್ಡಗೆರೆ ತುಂಬಿ ಕಪ್ಪು ಮಾಡಿದ್ದೆ.
ಎಪ್ಪತ್ತೆಂಟನೇ ನಿಮಿಷ, ಒಂದು ದಪ್ಪ ಬಾಣ,
'ಇಲ್ಲಿರಬೇಕಾದವನು ಇಲ್ಲಿರಲಿಲ್ಲ.'
ನಾನು ಬರೆದದ್ದರಲ್ಲೇ ಒಳ್ಳೆಯ ಚಿತ್ರ.
ಬಾಣ ನೆಟ್ಟಗಿತ್ತು.

ಮೂರನೇ ದಿನ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ
ಪುಟವನ್ನು ನಾಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು.
ಜಗಳಕ್ಕಲ್ಲ.
'ಸರ್ಯಾಗೇ ಬರ್ದಿದ್ದೀರ ಸಾ,
ನಾನು ಅಲ್ಲಿರ್ನಿಲ್ಲ.
ಬಂಡಿಪಾಳ್ಯದಲ್ಲಿ ಬೆಳಗಿನ್ ಜಾವ ಮೂರರಿಂದ
ಈರುಳ್ಳಿ ಲೋಡು ಇಳ್ಸಿ ಬಂದಿದ್ದೆ.
ಬುದ್ಧಿ ಅಲ್ಲಿಗ್ ಹೋಯ್ತು, ಕಾಲ್ ಬರ್ನಿಲ್ಲ.
ಅದ್ಕೂ ಒಂದ್ ಬಾಣ ಅದಾ ಸಾ?'

ಚುಚ್ಚುಮಾತಲ್ಲ ಅದು.
ತಿಳಿದವರನ್ನು ಕೇಳುವ ಹಾಗೆ ಕೇಳಿದ.
ಟೀ ಕುಡಿಸಿದೆ. ಬನ್ನು ಬೇಡವೆಂದ.

ಆ ರಾತ್ರಿ ನೆಲದ ಮೇಲೆ
ಎಡಗಡೆಯ ಬೀಜದ ಬೆನ್ನಿನಿಂದ ಒಂದು ಗೆರೆ ಎಳೆದೆ.
ಟಚ್‌ಲೈನು ದಾಟಿತು, ಸಿಲಿಂಡರು ದಾಟಿತು,
ಹೊಸಿಲು ಹತ್ತಿ ಇಳಿಯಿತು.
ಸೀಮೆಸುಣ್ಣ ಮುಗಿದುಹೋಯಿತು.
ನಂಜನಗೂಡು ರಸ್ತೆ ಇನ್ನೂ ಎಷ್ಟೋ ದೂರವಿತ್ತು.

ಮುಂದಿನ ವಾರ ಮೇಷ್ಟರ ಕಾರ್ಡು:
'ಈ ಸಲದ ಬಾಣ ಚೌಕಟ್ಟು ದಾಟಿ
ಬೆಳ್ಳಿ ಧಾರಣೆಯೊಳಗೆ ಹೋಗಿದೆ.
ಅಚ್ಚಿನ ತಪ್ಪೊ, ನಿಮ್ಮದೊ?'

ಉತ್ತರ ಬರೆದಿಲ್ಲ.
ಇವತ್ತು ಶನಿವಾರ, ಮ್ಯಾಚು.
ಬೆಂಚಿನ ಮೇಲೆ ಪುಟ್ಟಮಾದು
ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದಾನೆ.
ಚೆಂಡು ಆಚೆ ತುದಿಯಲ್ಲಿದೆ,
ಎಲ್ಲರೂ ಎದ್ದು ನಿಂತಿದ್ದಾರೆ.